ಬಿಸಿಲಲ್ಲಿ ಕಾಸಿದ ಕತ್ತಿ

ಕತ್ತಿಗೆ ನೀರು ಕುಡಿಸುವುದು, ಅಂದರೆ ಕೆಂಪಗೆ ಕಾಸಿ ಒಮ್ಮೆಲೇ ತಣಿಸಿ ಗಡುಸು ಮಾಡುವುದು, ಬಿಸಿಲಿನಲ್ಲಿ ಮಾಡುವ ಕೆಲಸವಲ್ಲ. ಕುಲುಮೆ ಬಲ್ಲ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕಾದ ಉಕ್ಕಿನ ಕೆಂಪು ನೆರಳಿನಲ್ಲಿ ಒಂದು ಬಗೆ, ಬಿಸಿಲಿನಲ್ಲಿ ಇನ್ನೊಂದು ಬಗೆ. ನೆರಳಿನಲ್ಲಿ ಮುತ್ತುಗದ ಹೂವಿನಂತೆ ಉರಿಯುವ ಉಕ್ಕು ಬಿಸಿಲಿಗೆ ಬಂದರೆ ಮಂಕಾಗಿ, ಇನ್ನೂ ಕಾದೇ ಇಲ್ಲವೇನೋ ಎನಿಸುತ್ತದೆ. ಇನ್ನಷ್ಟು ತಿದಿ ಒತ್ತಿಸುತ್ತೀರಿ. ಉಕ್ಕು ಮಿತಿಮೀರಿ ಕಾಯುತ್ತದೆ, ಒಳಗಿನ ಕಣ, ನಾವು ಕಾಳು ಎನ್ನುವುದು, ದಪ್ಪವಾಗುತ್ತದೆ. ಹೊರಗಿನಿಂದ ನೋಡಿದರೆ ಕತ್ತಿ ಕತ್ತಿಯಂತೆಯೇ ಇರುತ್ತದೆ, ಬಗ್ಗಿಸಿದ ದಿನ ಗಾಜಿನ ಹಾಗೆ ಮುರಿಯುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾವು ಬಂಡಳ್ಳಿಯ ಒಂದು ಮನೆಯ ಅಂಗಳದಲ್ಲಿ ನಡುಮಧ್ಯಾಹ್ನ ಕತ್ತಿ ಕಾಸಿದೆವು. ನಾವು ಅಂದರೆ ನಾನು ಮತ್ತು ನನ್ನ ಮಾವ.

ಮಾವ ಅಂದರೆ ಹೆಂಡತಿಯ ಅಪ್ಪ. ಕೊಳ್ಳೇಗಾಲದಲ್ಲಿ ಅವನ ಕುಲುಮೆ, ಅದರಲ್ಲಿ ಹನ್ನೊಂದು ವರ್ಷದಿಂದ ಸುತ್ತಿಗೆ ಹೊಡೆಯುವವನು ನಾನು. ಎದುರಿಗೆ ಅವನನ್ನು ನೀವು ಎನ್ನುತ್ತಿದ್ದೆ, ಮನಸ್ಸಿನಲ್ಲಿ ಒಂದು ದಿನವೂ ಹಾಗೆ ಕರೆದವನಲ್ಲ. ಇಲ್ಲಿ ಮನಸ್ಸಿನಲ್ಲಿದ್ದದ್ದನ್ನೇ ಬರೆಯುತ್ತೇನೆ. ಕೆಲಸದಲ್ಲಿ ಅವನಂಥವನು ಸುತ್ತ ಹತ್ತು ಊರಿನಲ್ಲಿರಲಿಲ್ಲ. ಕೈ ಬೀಸುವುದರಲ್ಲೂ ಇರಲಿಲ್ಲ. ಸುತ್ತಿಗೆಯ ಏಟು ಒಂದು ನೂಲು ಆಚೆ ಬಿದ್ದರೆ ಇಕ್ಕಳದ ಹಿಡಿ ನನ್ನ ಬೆನ್ನಿಗೆ ಬೀಳುತ್ತಿತ್ತು. ನನ್ನ ಬೆನ್ನಿನ ಚರಿತ್ರೆ ಬರೆಯಲು ಹೊರಟರೆ ಕತ್ತಿಯ ವಿಷಯಕ್ಕೆ ಜಾಗ ಉಳಿಯುವುದಿಲ್ಲ, ಬಿಡಿ.

ಬಂಡಳ್ಳಿಯ ಆ ಮನೆಯವರು ಜಮೀನುದಾರರು, ಮನೆದೇವರು ವೀರಭದ್ರ. ದೇವರ ಕೋಣೆಯಲ್ಲಿ ಒಂದು ಕತ್ತಿ ಇತ್ತು. ಮನೆಯ ಯಜಮಾನಿಕೆ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಹಳೆಯ ಕತ್ತಿಯನ್ನು ಹೊಸ ಉಕ್ಕಿನ ಜೊತೆ ಬೆಸೆದು ಹೊಸದು ಮಾಡಿಸುವುದು ಅವರ ಪದ್ಧತಿ. ಹಳೆಯದರ ಪ್ರಾಣ ಹೊಸದಕ್ಕೆ ಬರಬೇಕಂತೆ. ಆ ಹೊಸ ಕತ್ತಿಯನ್ನು ದೇವರು ಒಪ್ಪಬೇಕಾದರೆ ಎರಡು ಕೆಲಸ ನಡೆಯಬೇಕು. ನೀರು ಕುಡಿಸುವುದು ಅವರ ಅಂಗಳದಲ್ಲೇ ಆಗಬೇಕು. ಆಮೇಲೆ, ಕೆಲಸವೆಲ್ಲ ಮುಗಿದ ದಿನ, ಮಾಡಿದವನೇ ಅದನ್ನು ಬಿಲ್ಲು ಹಿಡಿಯಬೇಕು. ಬಿಲ್ಲು ಹಿಡಿಯುವುದು ಅಂದರೆ, ಅವನು ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟುಕೊಂಡು, ಅದರ ಮೇಲೆ ಕತ್ತಿಯನ್ನು ಅಡ್ಡಲಾಗಿ ಇಟ್ಟು, ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ತುದಿ ಹಿಡಿದು ಎರಡನ್ನೂ ಕಿವಿಯವರೆಗೆ ಜಗ್ಗಬೇಕು. ಕೈಬಿಟ್ಟಾಗ ಕತ್ತಿ ಮತ್ತೆ ನೆಟ್ಟಗಾದರೆ ದೇವರ ಕತ್ತಿ. ನೆಟ್ಟಗಾಗದಿದ್ದರೆ ಅಥವಾ ಮುರಿದರೆ, ಮಾಡಿದವನು ಬದುಕಿರುವವರೆಗೆ ಇನ್ನೊಂದು ಕತ್ತಿ ಮಾಡುವಂತಿಲ್ಲ. ಮಾವನ ಅಪ್ಪ ಹಿಂದಿನ ಕತ್ತಿ ಮಾಡಿ ಬಿಲ್ಲು ಹಿಡಿದಿದ್ದ. ಆ ಮಾತನ್ನು ಮಾವ ದಿನಕ್ಕೊಮ್ಮೆಯಾದರೂ ಆಡದೆ ಉಣ್ಣುತ್ತಿರಲಿಲ್ಲ.

ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಕತ್ತಿ ಮಾಡಲು ಕಚೇರಿಯ ಕಾಗದ ಬೇಕು. ಹೊಸ ಯಜಮಾನರು ಕಾಗದ, ಹಳೆಯ ಕತ್ತಿ ಎರಡನ್ನೂ ಹಿಡಿದುಕೊಂಡೇ ಕುಲುಮೆಗೆ ಬಂದರು. ನಾವು ಹಳೆಯ ಕತ್ತಿಯನ್ನು ಮೂರು ತುಂಡು ಮಾಡಿ, ಮಧ್ಯದಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿ ಇಟ್ಟು, ಬಿಳಿಗಾರ ಉದುರಿಸಿ ಬೆಸುಗೆಗೆ ಇಟ್ಟೆವು. ಮೊದಲ ಬೆಸುಗೆ ಹಿಡಿಯಲಿಲ್ಲ. ಬಡಿಯುತ್ತಿದ್ದ ಹಾಗೆ ಈರುಳ್ಳಿ ಸಿಪ್ಪೆಯಂತೆ ಪದರ ಬಿಟ್ಟಿತು. ಮಾವ ನನ್ನನ್ನು ಹೊಡೆದ. ಎರಡನೆಯದೂ ಬಿಟ್ಟಿತು, ಮತ್ತೆ ಹೊಡೆದ. ತಪ್ಪು ನನ್ನ ಸುತ್ತಿಗೆಯದಲ್ಲ, ಅವನ ಕಣ್ಣಿನದು. ಎಡಗಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಬಲಗಣ್ಣಿಗೂ ಶುರುವಾಗಿತ್ತು. ಬೆಸುಗೆಗೆ ಉಕ್ಕು ಬೆವರಿದಂತೆ ಹೊಳೆಯಬೇಕು, ಆ ಹೊಳಪು ಅವನಿಗೆ ಕಾಣುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆದರೆ ನಮ್ಮಿಬ್ಬರ ನಡುವೆ ಬಾಯಿಬಿಟ್ಟು ಆಡದ ಒಂದು ಏರ್ಪಾಟು ಬೆಳೆದಿತ್ತು. ಉಕ್ಕು ಹದಕ್ಕೆ ಬಂದಾಗ ನಾನು ಸುತ್ತಿಗೆಯನ್ನು ಉಕ್ಕಿನ ಅಡಿಗಲ್ಲಿನ ಮೇಲೆ ಒಮ್ಮೆ ಟಣ್ ಅನ್ನಿಸುತ್ತಿದ್ದೆ, ಕೈ ಸಡಿಲ ಮಾಡಿಕೊಳ್ಳುವವನ ಹಾಗೆ. ಅವನು ಆಗ ಇಕ್ಕಳ ಎತ್ತುತ್ತಿದ್ದ, ತಾನೇ ನೋಡಿದವನ ಹಾಗೆ. ಮೂರನೆಯ ಬೆಸುಗೆಗೆ ನಾನು ಟಣ್ ಅನ್ನಿಸಿದೆ, ಅವನು ಎತ್ತಿದ, ಹಿಡಿಯಿತು. "ನೋಡ್ದಾ? ಕಣ್ಣಿದ್ದೋನು ಮಾಡೋ ಕೆಲ್ಸ ಕನಾ ಇದು" ಅಂದ. ತಿದಿ ಒತ್ತುತ್ತಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದು ನಗುವೋ ಹೊಗೆಯೋ ಎಂದು ನಾನು ಕೇಳಲಿಲ್ಲ.

ಇಪ್ಪತ್ತು ದಿನ ಎಳೆದು, ಮಡಿಸಿ, ಮತ್ತೆ ಎಳೆದು ಎರಡು ಮೊಳದ ಕತ್ತಿ ಮಾಡಿದೆವು. ನಮ್ಮ ಕುಲುಮೆಯ ಪದ್ಧತಿಯಂತೆ ತುದಿಯಲ್ಲಿ ಒಂದು ಬೆರಳಿನಷ್ಟು ಉಕ್ಕು ಹೆಚ್ಚಿಗೆ ಬಿಟ್ಟೆವು. ನೀರು ಕುಡಿಸಿದ ಮೇಲೆ ಆ ಬೆರಳುದ್ದವನ್ನು ಅಡಿಗಲ್ಲಿನ ಅಂಚಿಗೆ ಇಟ್ಟು ಮುರಿಯಬೇಕು. ಮುರಿದ ಜಾಗದಲ್ಲಿ ಉಕ್ಕಿನ ಒಳಗು ಕಾಣುತ್ತದೆ. ಅದಕ್ಕೆ ಮುಖ ನೋಡುವುದು ಎನ್ನುತ್ತೇವೆ. ಬೂದುಬಣ್ಣವಾಗಿ ನುಣ್ಣಗಿದ್ದರೆ ರೇಷ್ಮೆ ಮುಖ, ಕತ್ತಿ ಬದುಕಿತು. ಸಕ್ಕರೆಯ ಹಾಗೆ ಮಿರಮಿರ ಹೊಳೆದರೆ ರವೆ ಮುಖ, ಕತ್ತಿ ಸತ್ತಿತು. ಅದನ್ನು ಮತ್ತೆ ಬೆಂಕಿಗೆ ಹಾಕಿ ಮೊದಲಿನಿಂದ ಮಾಡಬೇಕು.

ಬಂಡಳ್ಳಿಯ ಅಂಗಳದಲ್ಲಿ ಉದ್ದನೆಯ ಗುಂಡಿ ತೋಡಿ, ಎರಡು ಕಡೆ ಹುತ್ತದ ಮಣ್ಣಿನ ಗೋಡೆ ಕಟ್ಟಿ, ರಾಮಾಪುರದ ಕಡೆಯಿಂದ ತರಿಸಿದ ಜಾಲಿ ಇದ್ದಿಲು ತುಂಬಿದೆವು. ಪಕ್ಕದಲ್ಲಿ ಕುಲುಮೆಯಿಂದ ತಂದ ಅಡಿಗಲ್ಲು, ಮರದ ದೋಣಿ, ದೋಣಿಯ ತುಂಬ ಹೊಂಗೆ ಎಣ್ಣೆ. ನೀರು ಎನ್ನುತ್ತೇವೆ, ಕುಡಿಸುವುದು ಎಣ್ಣೆಯನ್ನೇ. ಹಿಂದಿನ ಸಲ ಇದನ್ನು ಮುಂಜಾನೆ ಮಬ್ಬಿನಲ್ಲಿ ಮಾಡಿದ್ದರಂತೆ. ಈ ಸಲ ಹೊಸ ಯಜಮಾನರಿಗೆ ಕೂಡಿಬಂದ ಮುಹೂರ್ತ ನಡುಮಧ್ಯಾಹ್ನ. ನಾನು ನಾಲ್ಕು ಗಳು ನೆಟ್ಟು, ಗುಂಡಿಯ ಮೇಲೆ ನೆರಳಿಗೆ ಎರಡು ಕಂಬಳಿ ಕಟ್ಟಿದ್ದೆ. ಯಜಮಾನರು ಬಂದವರೇ ಅದನ್ನು ನೋಡಿದರು.

"ಕಂಬ್ಳಿ ಯಾಕ್ರೀ? ನೆಂಟ್ರು ಇಷ್ಟ್ ಜನ ಬಂದವ್ರೆ, ಎಲ್ರೂ ಕಣ್ತುಂಬ ನೋಡ್ಲಿ. ದೇವ್ರ ಕತ್ತಿಯ ಮರೇಲಿ ಮಾಡಾರಾ? ತೆಗ್ಸಿ, ತೆಗ್ಸಿ."

ಮಾವ ಆಗ ಬೇಡ ಎನ್ನಬಹುದಿತ್ತು. ಯಜಮಾನರು ಕೆಟ್ಟವರಲ್ಲ, ಕಾರಣ ಹೇಳಿದ್ದರೆ ಕೇಳುತ್ತಿದ್ದರು. ಆದರೆ ಅಷ್ಟು ಜನರ ಮುಂದೆ ಬೆಂಕಿ ನೋಡಲು ನನಗೆ ನೆರಳು ಬೇಕು ಎನ್ನುವುದು ಅವನ ಬಾಯಿಂದ ಬರುವ ಮಾತಲ್ಲ. "ತೆಗೀಲಾ" ಅಂದ.

"ಮಾವ, ನೆಳ್ಳು ಬೇಕಲ್ಲ" ಎಂದೆ, ಅವನಿಗಷ್ಟೇ ಕೇಳುವಂತೆ.

"ನಲ್ವತ್ತೊರ್ಸದಿಂದ ಬೆಂಕಿ ನೋಡ್ತಾವ್ನಿ. ನೀ ನಂಗೆ ನೆಳ್ಳ ಯೋಳ್ಕೊಟ್ಟೀಯಾ?" ಅಂದ, ಎಲ್ಲರಿಗೂ ಕೇಳುವಂತೆ. ಜನ ನಕ್ಕರು. ನಾನು ಕಂಬಳಿ ಬಿಚ್ಚಿದೆ.

ಆ ಮನೆಯ ಆಳೊಬ್ಬ ತಿದಿ ಒತ್ತಿದ. ಕತ್ತಿ ಇದ್ದಿಲಿನೊಳಗೆ ಮಲಗಿತ್ತು. ನಾನು ಮಂಡಿಯೂರಿ, ನನ್ನ ತಲೆಯ ನೆರಳನ್ನೇ ಅದರ ಮೇಲೆ ಬೀಳಿಸಿ ನೋಡುತ್ತಿದ್ದೆ. ಹದ ಬಂತು. ಟಣ್ ಅನ್ನಿಸಿದೆ. ಮಾವ ಅಲ್ಲಾಡಲಿಲ್ಲ. ಅವನ ಕಣ್ಣಿಗೆ ಆ ಬಿಸಿಲಿನಲ್ಲಿ ಏನೂ ಕಾಣುತ್ತಿರಲಿಲ್ಲ ಎನ್ನುವುದು ನನಗೆ ಗೊತ್ತು, ಆದರೆ ಕಿವಿ ಚೆನ್ನಾಗಿಯೇ ಇತ್ತು. ಮತ್ತೆ ಟಣ್ ಅನ್ನಿಸಿದೆ. ಯಜಮಾನರ ಪಕ್ಕದಲ್ಲಿ ನಿಂತಿದ್ದ ನೆಂಟರೊಬ್ಬರು, "ಇದೇನ್ರೀ ಆಚಾರ್ರೇ, ಅಳಿಯ ಸನ್ನೆ ಮಾಡ್ದಂಗದೆ?" ಎಂದು ತಮಾಷೆ ಮಾಡಿದರು. ಅಷ್ಟೇ ಸಾಕಾಯಿತು. ಮಾವ ಕೈಯಲ್ಲಿದ್ದ ಇಕ್ಕಳವನ್ನು, ಬೆಂಕಿಯಲ್ಲಿ ಮೂತಿ ಇಟ್ಟು ಕೆಂಪಾಗಿದ್ದ ಇಕ್ಕಳವನ್ನು, ಸುತ್ತಿಗೆ ಹಿಡಿದಿದ್ದ ನನ್ನ ಮಣಿಕಟ್ಟಿನ ಮೇಲೆ ಇಟ್ಟ. ಹೊಡೆಯಲಿಲ್ಲ, ಇಟ್ಟ. ಇಟ್ಟು ಒತ್ತಿದ.

"ಸನ್ನೆ ಮಾಡೋ ಕೈಯ ಸುಮ್ಕಿರುಸ್ಬೇಕು ಕಣ್ರಿ" ಅಂದ. ಜನ ಮತ್ತೆ ನಕ್ಕರು. ಒಬ್ಬಿಬ್ಬರು ನಗಲಿಲ್ಲ, ಅವರನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ. ಆಮೇಲೆ ಅವನು ಇನ್ನೂ ಎಷ್ಟೋ ಹೊತ್ತು ತಿದಿ ಒತ್ತಿಸಿದ. ತನಗೆ ಆತುರವಿಲ್ಲ ಎಂದು ತೋರಿಸಬೇಕಿತ್ತಲ್ಲ. ಕತ್ತಿ ಎತ್ತಿದಾಗ ಆ ಬಿಸಿಲಿನಲ್ಲೂ ಅದು ಹಳದಿಗೆ ತಿರುಗಿದ್ದು ನನಗೆ ಕಂಡಿತು. ಎಣ್ಣೆಯಲ್ಲಿ ಇಳಿಸಿದ. ಆಳೆತ್ತರ ಬೆಂಕಿ ಎದ್ದಿತು. ಜನ ಹೋ ಎಂದು ಕೈಮುಗಿದರು.

ಮುಖ ನೋಡುವ ಕೆಲಸ ನನ್ನದು. ಸುಟ್ಟ ಕೈಯಲ್ಲಿ ಸುತ್ತಿಗೆ ನಿಲ್ಲಲಿಲ್ಲ, ಎಡಗೈಯಲ್ಲಿ ಹಿಡಿದು ತುದಿಯ ಬೆರಳುದ್ದವನ್ನು ಮುರಿದೆ. ತುಂಡನ್ನು ಎತ್ತಿಕೊಂಡೆ. ಸಂತೆಯ ಸಕ್ಕರೆಯಂತೆ ಮಿರಮಿರ ಹೊಳೆಯುತ್ತಿತ್ತು.

"ಮೊಕ ಎಂಗದ್ಲಾ?" ಎಂದು ಮಾವ ಕೇಳಿದ.

ಅವನ ದನಿ ಆಗ ಸ್ವಲ್ಪ ತಗ್ಗಿತ್ತು. ನನ್ನನ್ನು ಬಿಟ್ಟು ಇನ್ಯಾರನ್ನೂ ಕೇಳುವಂತಿರಲಿಲ್ಲ ಅವನು. ರವೆ ಎನ್ನುವ ಒಂದು ಮಾತು ಆಡಿದ್ದರೆ ಕತ್ತಿ ಮತ್ತೆ ಕುಲುಮೆಗೆ ಬರುತ್ತಿತ್ತು, ಕತೆ ಅಲ್ಲಿಗೆ ಮುಗಿಯುತ್ತಿತ್ತು. ಮಣಿಕಟ್ಟಿನ ಚರ್ಮ ಇಕ್ಕಳಕ್ಕೆ ಅಂಟಿಕೊಂಡು ಹೋಗಿ ಒಳಗಿನ ಬಿಳುಪು ಕಾಣುತ್ತಿತ್ತು. ಅದನ್ನು ನೋಡಿದೆ, ತುಂಡನ್ನು ನೋಡಿದೆ.

"ರೇಸ್ಮೆ, ಮಾವ" ಎಂದೆ. ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮನೆಗೆ ಬಂದು ಬಟ್ಟೆ ಬಿಚ್ಚಿ ಹಾಕಿದಾಗ ಆ ತುಂಡು ಹೆಂಡತಿಯ ಕೈಗೆ ಸಿಕ್ಕಿತು. ಅವಳು ಕುಲುಮೆಯಲ್ಲಿ ಹುಟ್ಟಿ ಬೆಳೆದವಳು, ಮುಖ ಓದಲು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಇದು ಬಂಡಳ್ಳಿ ಕತ್ತೀದಾ?"

"ಹೂಂ."

"ಅಪ್ಪಂಗೆ ಏನಂದ್ರಿ?"

"ರೇಸ್ಮೆ ಅಂದೆ."

ಅವಳು ಬೈಯುತ್ತಾಳೆ, ಅಳುತ್ತಾಳೆ, ಅಪ್ಪನ ಹತ್ತಿರ ಓಡುತ್ತಾಳೆ ಎಂದುಕೊಂಡೆ. ಓಡಿದ್ದರೆ ಚೆನ್ನಾಗಿತ್ತು ಎಂದು ಒಳಗೊಳಗೇ ಬಯಸಿದೆನೋ ಏನೋ. ಅವಳು ನನ್ನ ಕೈ ಹಿಡಿದು ಗಾಯಕ್ಕೆ ಲೋಳೆಸರದ ತಿರುಳು ಮೆತ್ತಿದಳು. "ನಮ್ಮವ್ವನ ಬಲಗೈಲಿ ಎರಡು ಬೆಳ್ಳು ಇರ್ನಿಲ್ಲ, ನೋಡಿದ್ರಲ್ಲಾ? ಎತ್ತಿನ ಗಾಡಿಗೆ ಸಿಕ್ತು ಅಂತ ಎಲ್ರಿಗೂ ಯೋಳ್ತಿದ್ಲು. ನಮ್ಮನೇಲಿ ಗಾಡಿಯೇ ಇರ್ನಿಲ್ಲ" ಅಂದಳು. ಆಮೇಲೆ ತುಂಡನ್ನು ಗೂಡಿನಲ್ಲಿ ಇಟ್ಟು ರಾಗಿ ಬೀಸಲು ಹೋದಳು. ಅಂದಿನಿಂದ ಅದನ್ನು ಬಲ್ಲವರು ಇಬ್ಬರಾದೆವು, ಇಬ್ಬರೂ ಅವನಿಗೆ ಊಟಕ್ಕೆ ಬಡಿಸುತ್ತಿದ್ದೆವು.

ಕತ್ತಿಗೆ ಸಾಣೆ ಹಿಡಿದು, ಚಿನ್ನದ ತಂತಿ ಕೂರಿಸಲು ನಾನೇ ಯಳಂದೂರಿಗೆ ಹೊತ್ತುಕೊಂಡು ಹೋದೆ. ಅಲ್ಲಿ ತಂತಿ ಕೆಲಸದ ಸಾಹೇಬರೊಬ್ಬರಿದ್ದರು, ಎಪ್ಪತ್ತು ದಾಟಿದವರು. ಕೆಲಸ ನಿಧಾನದ್ದು. ಮೊದಲು ಹಿಡಿಯ ಹತ್ತಿರ ಒಂದು ಗೇಣು ಉಕ್ಕಿನ ಮೇಲೆ ಸಣ್ಣ ಉಳಿಯಿಂದ ಗೀಚುತ್ತಾರೆ, ಉದ್ದಕ್ಕೆ, ಅಡ್ಡಕ್ಕೆ, ಓರೆಗೆ, ಮೂರು ಸಲ. ಉಕ್ಕಿನ ಮೈ ಬೆಕ್ಕಿನ ನಾಲಗೆಯ ಹಾಗೆ ಒರಟಾಗುತ್ತದೆ. ಕೂದಲಿನಂಥ ಚಿನ್ನದ ತಂತಿಯನ್ನು ಅದರ ಮೇಲೆ ಬೇಕಾದ ಆಕಾರಕ್ಕೆ ಬಾಗಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಉಳಿದ ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಆ ಗೇಣನ್ನು ಮಾತ್ರ ನೀಲಿ ಬರುವಷ್ಟು ಕಾಸಿ, ಅಕೀಕು ಎನ್ನುವ ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ನೀಲಿ ಉಕ್ಕಿನ ಮೇಲೆ ಚಿನ್ನದ ಲಿಂಗ, ಎರಡು ಕಡೆ ಸೂರ್ಯ ಚಂದ್ರ, ಸುತ್ತ ಬಳ್ಳಿ. ಯಜಮಾನರು ಹೇಳಿದ್ದು ಅದು.

ಸಾಹೇಬರು ಉಳಿ ಇಟ್ಟು ನಾಲ್ಕು ಗೀರು ಹಾಕಿದವರು ನಿಲ್ಲಿಸಿದರು. ಬೆರಳ ತುದಿಯಿಂದ ಪುಡಿಯನ್ನು ಒತ್ತಿಕೊಂಡು ನನಗೆ ತೋರಿಸಿದರು.

"ಉಳಿ ಇಟ್ರೆ ಸುರುಳಿ ಏಳ್ಬೇಕು. ಇದು ಉದುರ್ತದೆ. ಅತೀ ಕಾದದೆ ಇದು. ನಿಮ್ಗೆ ಗೊತ್ತಾ?"

"ಗೊತ್ತು" ಎಂದೆ.

"ಇದ್ನ ಯಾರು ಬಗ್ಸೋದು?"

"ನಮ್ಮ ಮಾವ."

ಅವರು ಉಳಿ ಕೆಳಗಿಟ್ಟರು. ಬಹಳ ಹೊತ್ತು ನನ್ನ ಮಣಿಕಟ್ಟಿನ ಪಟ್ಟಿಯನ್ನೇ ನೋಡಿದರು. "ಚಿನ್ನ ಇನ್ನೂ ಹಾಕಿಲ್ಲ. ಹಿತ್ಲಲ್ಲಿ ನನ್ ಕುಲುಮೆ ಅದೆ, ನೆರಳದೆ. ಹದವಾಗಿ ಕೆಂಪು ಮಾಡಿ ಬೂದೀಲಿ ಆರ್ಸಿ, ಮೂರು ಸಲ. ಕಾಳು ಸಣ್ಣ ಆಯ್ತದೆ. ಆಮೇಲೆ ಹೊಸದಾಗಿ ಎಣ್ಣೆ ಕುಡ್ಸಿ. ಎರಡು ದಿನದ ಕೆಲ್ಸ. ನಾ ಯಾರ್ಗೂ ಹೇಳಾಕಿಲ್ಲ."

ನಾನು ಹಿತ್ತಿಲಿಗೆ ಹೋದೆ. ಇದ್ದಿಲು ಹಾಕಿದೆ, ಬೆಂಕಿ ಮಾಡಿದೆ. ಇಕ್ಕಳ ಕೈಗೆ ತೆಗೆದುಕೊಂಡೆ. ಆಗ ಮುಂದಿನದೆಲ್ಲ ಕಣ್ಣ ಮುಂದೆ ಬಂತು. ನಾನು ಇದನ್ನು ಸರಿಮಾಡುತ್ತೇನೆ. ಬಂಡಳ್ಳಿಯಲ್ಲಿ ಅವನು ಬಿಲ್ಲು ಹಿಡಿಯುತ್ತಾನೆ, ಕತ್ತಿ ನೆಟ್ಟಗಾಗುತ್ತದೆ, ಜನ ಅವನ ಕಾಲು ಮುಟ್ಟುತ್ತಾರೆ. ಬಿಸಿಲಿನಲ್ಲೂ ಹದ ಕಂಡ ಆಚಾರಿ ಎಂದು ಅವನ ಹೆಸರು ಹನೂರಿನವರೆಗೂ ಹೋಗುತ್ತದೆ. ನಾನು ಚೀಲ ಹೊತ್ತು ಹಿಂದೆ ಬರುತ್ತೇನೆ. ಮಾರನೆಯ ದಿನ ಸುತ್ತಿಗೆ ಒಂದು ನೂಲು ಆಚೆ ಬೀಳುತ್ತದೆ.

ನನಗೆ ಅವನು ಸಾಯುವುದು ಬೇಕಿರಲಿಲ್ಲ. ಮುರಿಯಬೇಕು, ಎಲ್ಲರ ಎದುರಿಗೆ ಮುರಿಯಬೇಕು, ಅವನು ತಲೆ ತಗ್ಗಿಸಬೇಕು, ಇಷ್ಟೇ. ಮುರಿದ ಚೂರು ಎಲ್ಲಿಗೆ ಹಾರುತ್ತದೆ ಎಂದು ಯೋಚಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಯೋಚಿಸಿ, ಬೆಂಕಿಗೆ ಬೂದಿ ಮುಚ್ಚಿ ಒಳಗೆ ಬಂದೆ.

"ತಂತಿ ಕೂರ್ಸಿ, ಸಾಹೇಬ್ರೆ" ಎಂದೆ.

ಅವರು ಮತ್ತೆ ಉಳಿ ಎತ್ತಿಕೊಂಡರು. ಹತ್ತು ದಿನ ಅವರ ಜಗಲಿಯಲ್ಲಿ ಮಲಗಿದೆ, ಅವರ ಮನೆಯಲ್ಲಿ ಉಂಡೆ, ಅವರು ನನ್ನೊಡನೆ ಹತ್ತು ಮಾತೂ ಆಡಲಿಲ್ಲ. ಪ್ರತಿ ಕೆಲಸದ ಮೂಲೆಯಲ್ಲಿ ಚಿನ್ನದ ಒಂದು ಚುಕ್ಕಿ ಇಡುವುದು ಅವರ ರೂಢಿ, ಅವರ ಗುರುತು. ಈ ಕತ್ತಿಗೆ ಇಡಲಿಲ್ಲ. "ಚುಕ್ಕಿ ಮರ್ತ್ರಾ?" ಎಂದು ಕೇಳಿದ್ದಕ್ಕೆ, "ಇಲ್ಲ, ಗ್ಯಾಪಕ ಇಟ್ಕಂಡೇ ಬಿಟ್ಟೆ" ಅಂದರು.

ವಾಪಸು ಬರುವಾಗ ಗಡಿಯಲ್ಲಿ ಪೊಲೀಸರು ಹಿಡಿದರು. ಆಗ ಯಳಂದೂರು ಮೈಸೂರಿಗೆ ಸೇರಿದ್ದು, ಅಲ್ಲಿ ಹೆಂಡ ಸಿಗುತ್ತಿತ್ತು. ನಮ್ಮ ಮದರಾಸಿನ ಕಡೆ ಪಾನನಿರೋಧ. ಗೋಣಿ ಬಿಚ್ಚಿಸಿ ಒಬ್ಬ ಮೂಸಿ ನೋಡಿದ. ಹೆಂಡವಲ್ಲ, ಬರೀ ಕತ್ತಿ ಎಂದು ಸಮಾಧಾನಪಟ್ಟು ಕಾಗದವನ್ನೂ ಪೂರ್ತಿ ಓದದೆ ಬಿಟ್ಟ.

ಬಿಲ್ಲು ಹಿಡಿಯುವ ದಿನ ಬೆಳಗ್ಗೆ ಅದೇ ಅಂಗಳ. ಮಾವ ಮಡಿ ಪಂಚೆ ಉಟ್ಟು, ತಲೆಗೆ ಸಿಂಬೆ ಸುತ್ತಿಕೊಂಡ. ಕತ್ತಿ ನೋಡಲು ಜನ ಒಬ್ಬರ ಮೇಲೊಬ್ಬರು ಬಿದ್ದರು. ನೀಲಿಯ ಮೇಲೆ ಚಿನ್ನ ಅಷ್ಟು ಚೆನ್ನಾಗಿ ಬಂದಿತ್ತು. ಯಜಮಾನರು ಎರಡು ಕೈಯಲ್ಲಿ ಎತ್ತಿ ಅವನಿಗೆ ಕೊಟ್ಟರು. ಅವನು ತೆಗೆದುಕೊಂಡು, ಜನರ ಕಡೆ ತಿರುಗಿ ನಿಂತು, ನಾನು ಕನಸಿನಲ್ಲೂ ನೆನೆಸದ ಮಾತು ಆಡಿದ.

"ನಮ್ಮಪ್ಪ ಮಾಡ್ದಾಗ ಅವ್ನೊಬ್ನೆ. ಇದ್ನ ನಾವಿಬ್ರು ಮಾಡ್ದೊ. ಸುತ್ಗೆ ಇವನ್ದು, ಮೊಕ ನೋಡ್ದೋನೂ ಇವನೇಯ. ಇವನು ರೇಸ್ಮೆ ಅಂದ್ರೆ ರೇಸ್ಮೆಯ. ನನ್ ಕುಲ್ಮೆ ನಾಳಿಂದ ಇವನ್ದು ಕಣ್ರಪ್ಪ."

ಹನ್ನೊಂದು ವರ್ಷದಲ್ಲಿ ಮೊದಲ ಸಲ. ಈ ಮಾತನ್ನು ಒಂದು ತಿಂಗಳ ಹಿಂದೆ ಆಡಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೋ. ಅವನು ಕತ್ತಿಯನ್ನು ತಲೆಯ ಮೇಲೆ ಇಟ್ಟುಕೊಂಡ. ನನ್ನ ಕಾಲುಗಳು ತಾವಾಗಿಯೇ ಮುಂದೆ ಹೋದವು.

"ಬ್ಯಾಡಿ, ಮಾವ! ಮುರೀತದೆ! ರವೆ ಅದು, ನಾ ಸುಳ್ಳು ಯೋಳ್ದೆ!"

ಯಜಮಾನರು ನನ್ನನ್ನು ನೋಡಿದರು, ಅವನನ್ನು ನೋಡಿದರು. "ಏನ್ರೀ ಇದು ಆಚಾರ್ರೇ? ಅನ್ಮಾನಿದ್ರೆ ಬುಡಿ, ಇನ್ನೊಂದಿನ ಮಾಡನ" ಅಂದರು. ನಾನು ಸೊಂಟದಿಂದ ತುಂಡು ತೆಗೆದು ಚಾಚಿದೆ. ಮನೆಯಿಂದ ಹೊರಡುವಾಗ ಅದನ್ನು ಗೂಡಿನಿಂದ ಯಾಕೆ ಎತ್ತಿಕೊಂಡಿದ್ದೆನೋ ನನಗೇ ತಿಳಿಯದು.

ಮಾವ ಕತ್ತಿ ಇಳಿಸಿ ತುಂಡನ್ನು ತೆಗೆದುಕೊಂಡ. ಹೆಬ್ಬೆರಳಿನಿಂದ ಒಮ್ಮೆ ಸವರಿದ್ದರೆ ಸಾಕಿತ್ತು, ಕುರುಡನಿಗೂ ಗೊತ್ತಾಗುವಷ್ಟು ಒರಟಿತ್ತು ಅದು. ಆದರೆ ಸವರಿ ನೋಡುವುದು ಕಣ್ಣಿಲ್ಲದವನ ಕೆಲಸ, ಎದುರಿಗೆ ಅಷ್ಟು ಜನ. ಅವನು ತುಂಡನ್ನು ಬೆಳಕಿಗೆ ಹಿಡಿದ. ಕಣ್ಣು ಕಿರಿದು ಮಾಡಿ, ತಿರುಗಿಸಿ ತಿರುಗಿಸಿ, ಚೆನ್ನಾಗಿ ಕಾಣುವವನ ಹಾಗೆ ನೋಡಿದ.

"ರೇಸ್ಮೆಯೇ ಅದಲ್ಲಾ!" ಅಂದ. ನಕ್ಕ. "ಕೇಳುದ್ರಾ? ಕುಲ್ಮೆ ಕೊಟ್ಟೆ ಅಂದ್ರೂ ಹೊಟ್ಟೆಕಿಚ್ಚು ಓಗ್ನಿಲ್ಲ. ನನ್ ಹೆಸ್ರು ಕೆಡುಸ್ಬೇಕು ಇವನಿಗೆ."

ನಾನು ಸುಳ್ಳು ಹೇಳಿದಾಗ ನಂಬಿದ್ದ, ನಿಜ ಹೇಳಿದಾಗ ನಂಬಲಿಲ್ಲ. ಹಿಡಿಯಲು ಓಡಿದೆ. ಯಾರೋ ಇಬ್ಬರು ನನ್ನ ತೋಳು ಹಿಡಿದು ನಿಲ್ಲಿಸಿದರು. ಅವನು ಕತ್ತಿಯನ್ನು ಸಿಂಬೆಯ ಮೇಲೆ ಇಟ್ಟು, ನನ್ನ ಕಡೆಗೇ ಮುಖ ಮಾಡಿ ಜಗ್ಗಿದ.

ಅರ್ಧ ಬಾಗುವ ಮೊದಲೇ ಮುರಿಯಿತು. ಸದ್ದು ದೊಡ್ಡದೇನಲ್ಲ, ಒಣ ಸೌದೆ ಮುರಿದ ಹಾಗೆ. ಕತ್ತಿ ಮೂರು ತುಂಡಾಗಿತ್ತು. ಒಂದು ಹಿಡಿಯ ಜೊತೆ ಉಳಿಯಿತು, ಒಂದು ಗೋಡೆಗೆ ಬಡಿಯಿತು. ಬೆರಳಗಲದ ಒಂದು ಚೂರು ಅವನ ಬಲಗಣ್ಣಿನಲ್ಲಿತ್ತು. ಪೊರೆ ಬಲಿಯದೆ ಉಳಿದಿದ್ದ ಕಣ್ಣು ಅದೇ. ಅವನು ನಿಂತಲ್ಲೇ ಕುಳಿತುಕೊಂಡ. ಜನ ಮೊದಲು ಓಡಿದ್ದು ಚಿನ್ನದ ಲಿಂಗವಿದ್ದ ತುಂಡಿನ ಕಡೆಗೆ, ಅದಕ್ಕೆ ರಕ್ತ ತಾಗಬಾರದೆಂದು. ಯಜಮಾನರು ಅದನ್ನು ಶಲ್ಯದಲ್ಲಿ ಎತ್ತಿಕ್ಕಿಕೊಂಡ ಮೇಲೆ, "ಗಾಡಿ ಕಟ್ರೋ" ಅಂದರು.

ಕೊಳ್ಳೇಗಾಲದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಕಣ್ಣು ಉಳಿಯಲಿಲ್ಲ. ಹೆಂಡತಿ ಹಗಲೆಲ್ಲ ಅವನ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿದಳು, ಬಾಯಿ ಒರೆಸಿದಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ನನಗೆ ಅವಳ ಮುಖ ನೋಡಲು ಹೆದರಿಕೆಯಾಗುತ್ತಿತ್ತು. ನನ್ನ ಮುಖ ನೋಡಲು ಅವಳಿಗೆ ಹೇಗಿತ್ತೋ ನಾನು ಕೇಳಲಿಲ್ಲ.

ಮನೆಗೆ ಕರೆತಂದ ಮೇಲೆ, ಒಂದು ಮಧ್ಯಾಹ್ನ, ಅವನು ನನ್ನನ್ನು ಕರೆದ. ಬಂಡಳ್ಳಿಯವರು ಚಿನ್ನದ ತುಂಡು ಇಟ್ಟುಕೊಂಡು ಉಳಿದದ್ದನ್ನು ಕಳಿಸಿದ್ದರು. ಅದನ್ನು ಕೇಳಿದ. ಕೈಗೆ ಕೊಟ್ಟೆ. ಈಗ ನೋಡುವವರು ಯಾರೂ ಇರಲಿಲ್ಲ. ಮುರಿದ ಜಾಗವನ್ನು ಹೆಬ್ಬೆರಳಿನಿಂದ ಆ ಕಡೆಗೆ ಈ ಕಡೆಗೆ ನಿಧಾನವಾಗಿ ಸವರಿದ.

"ರವೆ" ಅಂದ. ತುಂಡನ್ನು ಮಡಿಲಲ್ಲಿ ಇಟ್ಟುಕೊಂಡು, "ಅವತ್ತೇ ಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿತ್ತು."

"ಯಾಕ್ಲಾ ರೇಸ್ಮೆ ಅಂದೆ?"

ಹನ್ನೊಂದು ವರ್ಷದ ಏಟುಗಳನ್ನು ನಾನು ಒಂದೊಂದಾಗಿ ಎಣಿಸಿ ಇಟ್ಟುಕೊಂಡಿದ್ದವನು. ಒಂದಲ್ಲ ಒಂದು ದಿನ ಅವನ ಎದುರಿಗೆ ಸುರಿಯಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ಮಾತು ಜೋಡಿಸಿದ್ದೆ. ಅವನ ಕೈ ಹಿಡಿದು, ಆ ಹೆಬ್ಬೆರಳನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟೆ. ಗಾಯ ಆರಿ ಚರ್ಮ ಗಂಟುಗಟ್ಟಿತ್ತು. ಅವನು ಉಕ್ಕನ್ನು ಸವರಿದಷ್ಟೇ ನಿಧಾನವಾಗಿ ಅದನ್ನೂ ಸವರಿದ, ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಅಳೆದ.

"ಇಷ್ಟುಕ್ಕೇನ್ಲಾ?" ಅಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ನಾನು ಏನು ಹೇಳುತ್ತೇನೆಂದು ಅವಳೂ ಕಾಯುತ್ತಿದ್ದಳು.

"ಹೂಂ, ಮಾವ" ಎಂದೆ. "ಇಷ್ಟುಕ್ಕೇ."